ಗೆಡ್ಡೆಯೊಳಕ್ಕೆ ಬಿಟ್ಟ ವೈರಸ್

ಜ್ವರ ಬಿಟ್ಟ ಮೇಲೆ ಕೆಲವರ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದಕ್ಕೆ ಕಾರಣ ಹರ್ಪಿಸ್ ವೈರಸ್. ಅದೇ ವೈರಸ್ಸಿನ ತಿದ್ದಿದ ರೂಪಕ್ಕೆ 2021ರ ಜೂನ್‌ನಲ್ಲಿ ಜಪಾನ್ ಸರ್ಕಾರ ಮೆದುಳಿನ ಕ್ಯಾನ್ಸರ್ ಔಷಧವೆಂದು ಒಪ್ಪಿಗೆ ಕೊಟ್ಟಿತು. ಹೆಸರು ಡೆಲಿಟ್ಯಾಕ್ಟ್. ರೂಪಿಸಿದವರು ಟೋಕಿಯೊ ವಿಶ್ವವಿದ್ಯಾಲಯದ ನ್ಯೂರೋಸರ್ಜನ್ ತೊಮೊಕಿ ತೊಡೊ.

ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಗೆಡ್ಡೆಯನ್ನು ಪೂರ್ತಿ ಕಿತ್ತುಹಾಕಲು ಆಗುವುದಿಲ್ಲ. ಕಣ್ಣಿಗೆ ಕಾಣುವಷ್ಟನ್ನು ಕತ್ತರಿಸಿದರೂ ಅದರ ಕೋಶಗಳು ಆರೋಗ್ಯವಂತ ಭಾಗದೊಳಗೆ ನುಸುಳಿರುತ್ತವೆ. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಝೊಲೊಮೈಡ್ ಮಾತ್ರೆ ಮೂರೂ ಸೇರಿ, 2005ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳನ್ನು 14.6 ತಿಂಗಳು ದಾಟಿಸಿದ್ದವು, ಅಷ್ಟೇ.

ಮೆದುಳಿನ ಗೆಡ್ಡೆಗೆ ಜೀನ್ ಚಿಕಿತ್ಸೆಯ ಮೊದಲ ಪ್ರಯತ್ನ ಅಮೆರಿಕದಲ್ಲಿ 1992ರಲ್ಲೇ ನಡೆದಿತ್ತು. ಗೆಡ್ಡೆಯ ಕೋಶಕ್ಕೆ ಹರ್ಪಿಸ್‌ನ ಒಂದು ಜೀನ್ ಸೇರಿಸಿ, ಆಮೇಲೆ ಗ್ಯಾನ್ಸಿಕ್ಲೋವಿರ್ ಎಂಬ ಔಷಧ ಕೊಡುವುದು. ಆ ಜೀನ್ ಇದ್ದ ಕೋಶದಲ್ಲಿ ಮಾತ್ರ ಔಷಧ ವಿಷವಾಗುತ್ತದೆ. ಇಲಿಗಳ ಗೆಡ್ಡೆ ಕರಗಿತು. ಮನುಷ್ಯರಲ್ಲಿ ಆ ಜೀನ್ ಸೂಜಿ ಚುಚ್ಚಿದ ಆಸುಪಾಸು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. 248 ರೋಗಿಗಳ ಅಧ್ಯಯನ 2000ದಲ್ಲಿ ನಿರಾಸೆಯಲ್ಲಿ ಮುಗಿಯಿತು.

ತೊಡೊ ಅವರ ವೈರಸ್ ಗೆಡ್ಡೆಯೊಳಗೆ ತಾನೇ ಹೆಚ್ಚುತ್ತಾ ಹರಡುತ್ತದೆ. ಅದರ ಜೀನ್‌ಗಳಲ್ಲಿ ಮೂರು ಕಡೆ ಕತ್ತರಿ ಆಡಿಸಿದ್ದಾರೆ. ಎರಡರಿಂದ ಆರೋಗ್ಯವಂತ ಕೋಶದಲ್ಲಿ ಬೆಳೆಯುವ ಶಕ್ತಿ ಹೋಗುತ್ತದೆ. ಮೂರನೆಯದೇ ನನ್ನ ಮಟ್ಟಿಗೆ ದೊಡ್ಡ ಜಾಣ್ಮೆ: ಸೋಂಕು ತಗುಲಿದ ಕೋಶವನ್ನು ದೇಹದ ರೋಗನಿರೋಧಕ ವ್ಯವಸ್ಥೆಯಿಂದ ಮರೆಮಾಡುವ ಜೀನನ್ನೇ ತೆಗೆದುಹಾಕಿದ್ದಾರೆ. ಹಾಗಾಗಿ ವೈರಸ್ ಕೊಂದಷ್ಟು ಕೊಲ್ಲುತ್ತದೆ, ಉಳಿದದ್ದನ್ನು ದೇಹ ಗುರುತು ಹಿಡಿದು ಕೊಲ್ಲಬೇಕು. ಚುಚ್ಚಿದ ಮೇಲೆ ಎಂಆರ್‌ಐಯಲ್ಲಿ ಗೆಡ್ಡೆ ಊದಿಕೊಂಡಂತೆ ಕಾಣುತ್ತದೆ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ ಹೇಳದಿದ್ದರೆ ಎದೆಯೊಡೆದಂತಾಗುತ್ತದೆ.

ಈ ವೈರಸ್ ಪಡೆದ 19 ರೋಗಿಗಳಲ್ಲಿ 84.2% ಮಂದಿ ಒಂದು ವರ್ಷ ದಾಟಿದರು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಒಪ್ಪಿಗೆಯೂ ಷರತ್ತಿನದು, ಏಳು ವರ್ಷದ್ದು. ಟೋಕಾ 511 ಎಂಬ ಇನ್ನೊಂದು ವೈರಸ್ ಹೀಗೇ ಆಸೆ ಹುಟ್ಟಿಸಿ, 403 ರೋಗಿಗಳ ಪರೀಕ್ಷೆಯಲ್ಲಿ 2019ರಲ್ಲಿ ಸೋತಿತು. ಈ ಮಿತಿಗಳನ್ನು ಬಿಟ್ಟು ಬರೀ ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂದು ಬರೆಯುವುದು ಕಂಗಾಲಾದ ಕುಟುಂಬಗಳಿಗೆ ಬಗೆಯುವ ದ್ರೋಹ.

ಅಮೆರಿಕದಲ್ಲಿ 41 ರೋಗಿಗಳಿಗೆ ಇಂಥದ್ದೇ ತಿದ್ದಿದ ಹರ್ಪಿಸ್ ವೈರಸ್ ಕೊಟ್ಟ ಸಂಶೋಧಕರು 2023ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಮೊದಲೇ ಹರ್ಪಿಸ್ ಸೋಂಕಾಗಿ ಪ್ರತಿಕಾಯ ಬೆಳೆದಿದ್ದವರೇ ಹೆಚ್ಚು ಕಾಲ ಬದುಕಿದ್ದರು. ಮುಂದಿನ ಹಂತದಲ್ಲಿ ಅವರು ಹಲವು ಬಾರಿ ಚುಚ್ಚಿ, ಪ್ರತಿ ಸಲವೂ ಗೆಡ್ಡೆಯ ತುಣುಕು ತೆಗೆದು ಒಳಗೇನಾಗಿದೆ ಎಂದು ನೋಡುತ್ತಿದ್ದಾರೆ.