ಕಲಿಸಲು ಕಲಿಯುವವರ ವಿಶ್ವಾಸ



ಸೆಪ್ಟೆಂಬರ್ 5ರಂದು ನಮ್ಮ ದೇಶದ ಶಾಲೆಗಳಲ್ಲಿ ಶಿಕ್ಷಕರ ದಿನಾಚರಣೆ. ಅದೇ ದಿನ ಕಲ್ಕತ್ತೆಯ ಸಂತ ತೆರೇಸಾರ ಹಬ್ಬ. 1997ರಲ್ಲಿ ಅವರು ಪ್ರಭುವಿನ ಸನ್ನಿಧಿಗೆ ಹೋದದ್ದು ಅಂದೇ. ಅವರನ್ನು ಬಡವರ ತಾಯಿ ಎಂದು ಎಲ್ಲರೂ ಬಲ್ಲರು. ಬೀದಿಗೆ ಇಳಿಯುವ ಮೊದಲು ಅವರು ಕಲ್ಕತ್ತೆಯ ಎಂಟಾಲಿಯಲ್ಲಿರುವ ಸಂತ ಮೇರಿ ಶಾಲೆಯಲ್ಲಿ ಹಲವು ವರ್ಷ ಭೂಗೋಳ, ಇತಿಹಾಸ ಕಲಿಸಿದ ಟೀಚರ್, 1944ರಿಂದ ಮುಖ್ಯೋಪಾಧ್ಯಾಯಿನಿ ಎಂಬುದು ಎಷ್ಟೋ ಮಂದಿಗೆ ನೆನಪಿಲ್ಲ. ಆದ್ದರಿಂದ ಈ ಹಬ್ಬದ ಹೊತ್ತಿನಲ್ಲಿ ಶಿಕ್ಷಕರ ಬಗ್ಗೆ, ಅದರಲ್ಲೂ ಇನ್ನೂ ಶಿಕ್ಷಕರಾಗದೆ ತರಬೇತಿಯಲ್ಲಿರುವ ನಮ್ಮ ಯುವಕ ಯುವತಿಯರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಇದಕ್ಕೆ ಕಾರಣವಾದವರು ನಮ್ಮ ಧರ್ಮಕೇಂದ್ರದ ಒಬ್ಬ ತಂದೆ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರು ನಮ್ಮನ್ನು ಪಕ್ಕಕ್ಕೆ ಕರೆದು, "ಫಾದರ್, ಮಗಳು ಬಿ.ಎಡ್. ಸೇರಿದ ಮೇಲೆ ಪೂಜೆಗೆ ಬರ್ತಾಳೆ, ಆದರೆ ತಲೆ ಮಾತ್ರ ಚಾರ್ಟು, ಪಾಠ ಯೋಜನೆ ಅದರಲ್ಲೇ ಇರುತ್ತೆ. ಸಂಜೆ ಜಪಸರಕ್ಕೂ ಕೂರುವುದಿಲ್ಲ. ಓದು ಓದು ಅಂತ ದೇವರನ್ನೇ ಮರೆತುಬಿಟ್ಟರೆ ಏನು ಗತಿ?" ಎಂದರು. ಹೀಗೆ ಹೆದರುವ ತಂದೆತಾಯಂದಿರು ಅವರೊಬ್ಬರೇ ಅಲ್ಲ. ಜಪಸರದ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ಆದರೆ ಮುಂದೆ ನಡೆದದ್ದನ್ನು ನೋಡಿದ ಮೇಲೆ ನಮ್ಮ ಅಭಿಪ್ರಾಯ ಬೇರೆಯಾಯಿತು.

ಆ ಹುಡುಗಿಯನ್ನು ಕರೆದು, ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುತ್ತಿದ್ದ ಮಕ್ಕಳ ಧರ್ಮೋಪದೇಶ ತರಗತಿಯಲ್ಲಿ ಸಹಾಯ ಮಾಡಲು ಹೇಳಿದೆವು. ಮೊದಲ ವಾರ ಅವಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ನಾವು ಕಲಿಸುವುದನ್ನು ನೋಡಿದಳು. ನಾವು ಪ್ರಶ್ನೆ ಕೇಳಿದೆವು, ಮಕ್ಕಳು ಒಕ್ಕೊರಲಿನಿಂದ ಉತ್ತರ ಒಪ್ಪಿಸಿದರು. ನಮಗೆ ತೃಪ್ತಿಯಾಯಿತು. ತರಗತಿ ಮುಗಿದ ಮೇಲೆ ಅವಳು ಹಿಂಜರಿಯುತ್ತಲೇ ಕೇಳಿದಳು: "ಫಾದರ್, ಇವತ್ತಿನ ಪಾಠದ ಉದ್ದೇಶ ಏನಿತ್ತು? ಮಕ್ಕಳಿಗೆ ಅರ್ಥ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು? ಕಿಟಕಿ ಪಕ್ಕ ಕೂತಿದ್ದ ಹುಡುಗ ಬರೀ ತುಟಿ ಆಡಿಸ್ತಾ ಇದ್ದ."

ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ ನಮಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ಹುಡುಗ ಎಷ್ಟೋ ತಿಂಗಳಿಂದ ನಮ್ಮ ಕಣ್ಣೆದುರೇ ತುಟಿ ಆಡಿಸುತ್ತಿದ್ದ.

ಶಿಕ್ಷಕರ ತರಬೇತಿ ಎಂದರೆ ಮೊದಲಿಗೆ ಈ ಕಣ್ಣನ್ನು ಕೊಡುವುದು. ಪಾಠ ಯೋಜನೆಯಲ್ಲಿ ಮೊದಲು ಬರೆಯಬೇಕಾದದ್ದು ಉದ್ದೇಶ, ಅಂದರೆ ತರಗತಿಯ ಕೊನೆಗೆ ಮಗುವಿಗೆ ಏನು ತಿಳಿದಿರಬೇಕು ಎಂಬುದು. ಮಗುವಿಗೆ ಈಗಾಗಲೇ ಏನು ಗೊತ್ತಿದೆಯೋ ಅಲ್ಲಿಂದ ಹೊರಟು, ಗೊತ್ತಿಲ್ಲದ ಕಡೆಗೆ ಕೈಹಿಡಿದು ನಡೆಸಬೇಕು. ಎಮ್ಮಾವುಸಿನ ದಾರಿಯಲ್ಲಿ ಪುನರುತ್ಥಾನಿ ಯೇಸುಸ್ವಾಮಿ ಮಾಡಿದ್ದೂ ಇದನ್ನೇ ಅಲ್ಲವೇ? ಇಬ್ಬರು ಶಿಷ್ಯರ ಜೊತೆ ಹೆಜ್ಜೆ ಹಾಕಿದರು. ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಮೊದಲು ಕೇಳಿ, ಅವರ ದುಃಖವನ್ನೆಲ್ಲ ಹೇಳಲು ಬಿಟ್ಟರು. ಅವರಿಗೆ ಪರಿಚಯವಿದ್ದ ಮೋಶೆ, ಪ್ರವಾದಿಗಳಿಂದ ವಿವರಣೆ ಶುರುಮಾಡಿದ್ದು ಆಮೇಲೆ. ನಾವು ಈ ಶುಭಸಂದೇಶದ ಮೇಲೆ ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇವೆ. ಆದರೆ ಪ್ರಭು ಮೊದಲು ಪ್ರಶ್ನೆ ಕೇಳಿ ಕಾದರು ಎಂಬುದನ್ನು ಗಮನಿಸಿದ್ದು ಆ ಹುಡುಗಿಯ ನೋಟ್‌ಬುಕ್ ನೋಡಿದ ಮೇಲೆಯೇ.

ತರಬೇತಿಯ ಇನ್ನೊಂದು ಭಾಗಕ್ಕೆ ಸೂಕ್ಷ್ಮ ಬೋಧನೆ ಎನ್ನುತ್ತಾರೆ. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆ ಬಳಸುವುದು, ಹೀಗೆ ಯಾವುದಾದರೂ ಒಂದೇ ಕೌಶಲವನ್ನು ಹಿಡಿದು 6 ನಿಮಿಷ ಪಾಠ ಮಾಡಬೇಕು. ಸಹಪಾಠಿಗಳೇ ವಿದ್ಯಾರ್ಥಿಗಳು. ಮುಂದಿನ 6 ನಿಮಿಷ ಎಲ್ಲಿ ತಪ್ಪಿತು ಎಂದು ಅವರೂ ಉಪನ್ಯಾಸಕರೂ ಹೇಳುತ್ತಾರೆ. 12 ನಿಮಿಷದಲ್ಲಿ ಪಾಠವನ್ನು ತಿದ್ದಿಕೊಳ್ಳಬೇಕು. ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಕೇಳಲು ಸುಲಭ. ಆದರೆ ಗೆಳತಿಯರೆದುರು "ನೀನು ಪ್ರಶ್ನೆ ಕೇಳಿ ಉತ್ತರವನ್ನೂ ನೀನೇ ಹೇಳಿಬಿಟ್ಟೆ" ಎಂದು ಹೇಳಿಸಿಕೊಂಡು, ಸಿಟ್ಟಾಗದೆ, ಅರ್ಧ ಗಂಟೆಯೊಳಗೆ ಅದೇ ಜಾಗದಲ್ಲಿ ಮತ್ತೆ ನಿಲ್ಲುವುದು ಸಣ್ಣ ಮಾತಲ್ಲ. ಪಾಪನಿವೇದನೆಗೆ ಮುಂಚೆ ನಾವು ಮಾಡಬೇಕಾದ ಆತ್ಮಶೋಧನೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನಮಗೆ ಕಂಡಿಲ್ಲ. ನಮ್ಮ ಪ್ರಬೋಧನೆಗಳಿಗೂ ಇಂಥ 6 ನಿಮಿಷದ ವಿಮರ್ಶೆ ಇದ್ದಿದ್ದರೆ ಭಕ್ತಾದಿಗಳಿಗೆ ಎಷ್ಟು ಉಪಕಾರವಾಗುತ್ತಿತ್ತೋ!

ಆ ಹುಡುಗಿಗೆ ನಾವು ಕೊಟ್ಟ ಪಾಠ ಪರಮಪ್ರಸಾದದ್ದು. ಚಿಕ್ಕಂದಿನಿಂದ ಸ್ವೀಕರಿಸುತ್ತಾ ಬಂದದ್ದು, ಉತ್ತರಗಳೆಲ್ಲ ಬಾಯಿಪಾಠ. ಉದ್ದೇಶ ಬರೆಯಲು ಕುಳಿತಾಗ ಪೆನ್ನು ನಿಂತುಹೋಯಿತಂತೆ. "ಯೇಸು ಇಲ್ಲಿದ್ದಾರೆ ಅಂತ ನಾನು ನಂಬ್ತೀನಾ, ಇಲ್ಲ ಎಲ್ಲರೂ ಹೇಳ್ತಾರೆ ಅಂತ ಹೇಳ್ತೀನಾ ಅಂತಲೇ ಗೊತ್ತಾಗಲಿಲ್ಲ ಫಾದರ್" ಎಂದಳು. ತಂದೆ ಹೆದರಿದ್ದು ಇಂಥ ಮಾತಿಗೇ. ನಮಗೆ ಮಾತ್ರ ಅದು ಆಕೆಯ ಬಾಯಿಂದ ಬಂದ ಮೊದಲ ಸ್ವಂತ ಪ್ರಾರ್ಥನೆಯ ಹಾಗೆ ಕೇಳಿಸಿತು.

ಹೇಗೋ ಪಾಠ ಸಿದ್ಧಮಾಡಿದಳು. ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿ, ತರಬೇತಿಯಲ್ಲಿ ಕಲಿತಂತೆ ಸುಮ್ಮನೆ ಕಾದಳು. ಆ ಮೌನದಲ್ಲಿ ಕಿಟಕಿ ಪಕ್ಕದ ಹುಡುಗ ಬಾಯಿ ಬಿಟ್ಟ: "ಅಕ್ಕಾ, ಯೇಸು ಅದರೊಳಗೆ ಇದ್ದರೆ ನಾವು ಅಗಿದಾಗ ಅವರಿಗೆ ನೋವಾಗಲ್ವಾ?" ಮಕ್ಕಳು ನಕ್ಕರು. ಅವಳು ನಗಲಿಲ್ಲ. "ನನಗೂ ಗೊತ್ತಿಲ್ಲ ಕಣೋ, ಕೇಳಿ ತಿಳ್ಕೊಂಡು ಮುಂದಿನ ವಾರ ಹೇಳ್ತೀನಿ" ಎಂದು ನೇರವಾಗಿ ನಮ್ಮ ಹತ್ತಿರ ಬಂದಳು. ಆ ಹುಡುಗನಂತೆಯೇ ಕೇಳಿದವರಿಗೆ ಸಂತ ತೋಮಸ್ ಅಕ್ವಿನಾಸರು ಏಳು ಶತಮಾನಗಳಿಗೂ ಹಿಂದೆಯೇ ಉತ್ತರ ಕೊಟ್ಟಿದ್ದಾರೆ: ಮುರಿಯುವುದು ಹೊರಗೆ ಕಾಣುವ ರೊಟ್ಟಿಯ ರೂಪ ಮಾತ್ರ, ಕ್ರಿಸ್ತರಲ್ಲ. ಪುನರುತ್ಥಾನರಾದ ಪ್ರಭುವಿಗೆ ಇನ್ನು ಸಾವೂ ಇಲ್ಲ, ನೋವೂ ಇಲ್ಲ. ತುಂಡು ಎಷ್ಟೇ ಚಿಕ್ಕದಿರಲಿ, ಅದರಲ್ಲಿ ಅವರು ಪೂರ್ಣವಾಗಿಯೇ ಇದ್ದಾರೆ. ಇದನ್ನು ಗುರುಮಠದಲ್ಲಿ ಪರೀಕ್ಷೆಗಾಗಿ ಓದಿದ್ದೆವು. ಒಂಬತ್ತು ವರ್ಷದ ಹುಡುಗನಿಗಾಗಿ ಬಿಡಿಸಿ ಹೇಳುವಾಗ ನಮಗೇ ಅದು ಹೊಸದಾಗಿ ಕಂಡಿತು.

ಹೀಗೇಕೆ ಆಗುತ್ತದೆ? ಸುಮಾರು 400ನೇ ಇಸವಿಯಲ್ಲಿ ಕಾರ್ಥೇಜಿನ ಡೀಕನ್ ದೆಯೊಗ್ರಾತಿಯಾಸ್ ಎಂಬುವರು ಹಿಪ್ಪೋದ ಧರ್ಮಾಧ್ಯಕ್ಷ ಸಂತ ಅಗಸ್ಟೀನರಲ್ಲಿ ತಮ್ಮ ಕಷ್ಟ ತೋಡಿಕೊಂಡರು. ಹೊಸಬರಿಗೆ ವಿಶ್ವಾಸದ ಮೊದಲ ಪಾಠ ಹೇಳುವಾಗ ತಮ್ಮ ಮಾತು ತಮಗೇ ಬೇಸರ ತರುತ್ತದೆ ಎಂಬುದು ಅವರ ದೂರು. ಅಗಸ್ಟೀನರು ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಕೇಳುವವರು ನಿಂತು ದಣಿದಿದ್ದರೆ ಕೂರಲು ಆಸನ ಕೊಡಿ ಎನ್ನುವಷ್ಟು ಸಣ್ಣ ಸಂಗತಿಯೂ ಅದರಲ್ಲಿದೆ. ಅಲ್ಲಿನ ಒಂದು ಹೋಲಿಕೆ ನಮಗೆ ಬಹಳ ಹಿಡಿಸಿತು. ನಾವು ದಿನವೂ ಓಡಾಡುವ ಸುಂದರ ಜಾಗಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎಂದೂ ನೋಡಿರದ ಸ್ನೇಹಿತರಿಗೆ ಅವನ್ನು ತೋರಿಸುವಾಗ ಅವರ ಸಂತೋಷದಿಂದ ನಮ್ಮ ಸಂತೋಷವೂ ಹೊಸದಾಗುತ್ತದೆ. ಊರಿಗೆ ಬಂದ ನೆಂಟರನ್ನು ಜೋಗಕ್ಕೆ ಕರೆದುಕೊಂಡು ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಎನ್ನಲಾರೆವು. ಹಿಂದಿನ ವರ್ಷದವರ ಪಾಠ ಯೋಜನೆಯನ್ನು ನಕಲು ಮಾಡಿ, ಸಹಿ ಹಾಕಿಸಿಕೊಂಡು, ಎರಡು ವರ್ಷ ಮುಗಿಸುವವರೂ ಇದ್ದಾರೆ. ಅವರಿಗೆ ಪ್ರಮಾಣಪತ್ರ ಸಿಗುತ್ತದೆ, ಅಷ್ಟೆ. ಶಿಕ್ಷಕರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ದೆ ಲಾಸಾಲ್ ಕೂಡ ಆರಂಭದಲ್ಲಿ ಶಾಲಾ ಮಾಸ್ತರರನ್ನು ತಮ್ಮ ಮನೆಯ ಸೇವಕನಿಗಿಂತ ಕೀಳೆಂದು ಎಣಿಸಿದ್ದರಂತೆ. ಇದನ್ನು ಅವರೇ ಬರೆದುಕೊಂಡಿದ್ದಾರೆ. ಫ್ರಾನ್ಸಿನ ರೀಮ್ಸ್ ಪಟ್ಟಣದ ಆ ಸಿರಿವಂತ ಗುರುಗಳು 1681ರಲ್ಲಿ ಅದೇ ಮಾಸ್ತರರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ತರಬೇತಿ ಕೊಡತೊಡಗಿದರು. ಮನೆಯವರು ಸಿಟ್ಟಾದರು. ಎರಡೇ ವರ್ಷದಲ್ಲಿ ಅವರು ಪ್ರಧಾನಾಲಯದ ತಮ್ಮ ಪದವಿಯನ್ನು ಬಿಟ್ಟುಕೊಟ್ಟರು, ಬರಗಾಲ ಬಂದಾಗ ಆಸ್ತಿಯನ್ನು ಬಡವರಿಗೆ ಹಂಚಿದರು. ಮಾಸ್ತರರಿಗೆ ಕಲಿಸಲು ಹೋಗಿ ಬದಲಾದದ್ದು ಅವರ ಬದುಕೇ. ಪಾಠದ ನಡುವೆ ಆಗಾಗ ನಿಲ್ಲಿಸಿ, ದೇವರ ಸಾನ್ನಿಧ್ಯವನ್ನು ನೆನೆಯುವ ರೂಢಿ ಅವರ ಶಾಲೆಗಳಲ್ಲಿ ಇಂದಿಗೂ ಉಂಟು.

ಆ ಹುಡುಗಿಯ ಜಪಸರದ ವಿಷಯ? ತಂದೆಗೆ ನಾವು ಒಂದೇ ಮಾತು ಹೇಳಿದೆವು: ಪರೀಕ್ಷೆಯ ದಿನಗಳಲ್ಲಿ ಐದು ರಹಸ್ಯಗಳ ಬದಲು ಒಂದೇ ರಹಸ್ಯ ಸಾಕು, ಆದರೆ ಅವಳ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ. ಅವರು ಕುಳಿತರು.

ಪ್ರಥಮ ಪರಮಪ್ರಸಾದದ ದಿನ ಕಿಟಕಿ ಪಕ್ಕದ ಹುಡುಗ ಸಾಲಿನಲ್ಲಿ ಮೂರನೆಯವನು. ಪ್ರಸಾದವನ್ನು ನಾಲಿಗೆಯ ಮೇಲಿಟ್ಟಾಗ ಅವನು ಕಣ್ಣು ಮುಚ್ಚಿ ಬಹಳ ಜಾಗರೂಕನಾಗಿ ಬಾಯಿ ಮುಚ್ಚಿದ. ಈಗ ಶನಿವಾರ ಸಂಜೆ ನಾವೂ ಒಂದು ನೋಟ್‌ಬುಕ್ ತೆರೆದು ಭಾನುವಾರದ ಧರ್ಮೋಪದೇಶಕ್ಕೆ ಪಾಠ ಯೋಜನೆ ಬರೆಯುತ್ತೇವೆ. ಮೊದಲ ಪುಟವನ್ನು ಅವಳಿಗೆ ತೋರಿಸಿದಾಗ, ಉದ್ದೇಶ ಎಂಬ ಕಡೆ ನಾವು ಬರೆದಿದ್ದ ಮೂರು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಒಂದೇ ಸಾಕು ಫಾದರ್" ಎಂದು ಬರೆದುಕೊಟ್ಟಳು.