ಮನೆಯ ಕಾಳಿಗೆ ಬೇವು, ಬಜೆ, ಲಕ್ಕಿಯ ಕಾವಲು

ಕಳೆದ ಶ್ರಾವಣ ಮಾಸದ ಒಂದು ಬೆಳಗಿನ ಜಾವ ಯಶವಂತನಗರದ ನಮ್ಮ ಚಿಕಿತ್ಸಾಲಯದ ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು, ಜೊತೆಗೆ ಅವರ ಅಜ್ಜಿ. ತಾಯಿಗೂ ಮಕ್ಕಳಿಗೂ ವಾಂತಿ, ತಲೆಸುತ್ತು. ಕಿರಿಯ ಮಗುವಿಗೆ ಏದುಸಿರು. ಅಜ್ಜಿಗೆ ಮಾತ್ರ ಏನೂ ಆಗಿರಲಿಲ್ಲ. ರಾತ್ರಿ ಎಲ್ಲರೂ ಒಂದೇ ರೊಟ್ಟಿ, ಒಂದೇ ಪಲ್ಯ ಉಂಡಿದ್ದರು. ಹಾಗಾದರೆ ದೋಷ ಊಟದ್ದಲ್ಲ. ಅಜ್ಜಿ ಹೊರಗಿನ ಪಡಸಾಲೆಯಲ್ಲಿ ಮಲಗಿದ್ದರೆಂದೂ ಉಳಿದವರು ಜೋಳದ ಚೀಲಗಳಿದ್ದ ಒಳಕೋಣೆಯಲ್ಲಿ ಮಲಗಿದ್ದರೆಂದೂ ಆಮೇಲೆ ತಿಳಿಯಿತು. “ಜ್ವಾಳಕ್ಕ ಹುಳ ಬಿದ್ದಿತ್ರೀ, ನಿನ್ನಿ ಸಂಜಿಗೆ ಗುಳಿಗಿ ಇಟ್ಟೀವಿ” ಎಂದರು ಅಜ್ಜಿ.

ನಮ್ಮ ಕಪಾಟಿನಲ್ಲಿ ಅದಕ್ಕೆ ಔಷಧವಿರಲಿಲ್ಲ. ಒಂದು ಕ್ಷಣವೂ ತಡಮಾಡದೆ ಅವರನ್ನು ಸಂಡೂರಿಗೆ, ಅಲ್ಲಿಂದ ಬಳ್ಳಾರಿಗೆ ಕಳುಹಿಸಿದೆವು. ದೈವಕೃಪೆಯಿಂದ ಮೂವರೂ ಬದುಕಿ ಬಂದರು. ಎಲ್ಲ ಮನೆಗಳಲ್ಲಿಯೂ ಹೀಗೆಯೇ ಆಗುವುದೆಂದು ಹೇಳಲಾಗದು. ಆದುದರಿಂದಲೇ ಈ ತಿಂಗಳ ಆರೋಗ್ಯ ವಿಚಾರವನ್ನು ಅಡುಗೆಮನೆಯಿಂದಲ್ಲ, ಕಾಳು ಇಡುವ ಕೋಣೆಯಿಂದ ಆರಂಭಿಸುತ್ತಿದ್ದೇವೆ.

ಆ ಗುಳಿಗೆಯ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ ಬರುತ್ತದೆ. ಅದು ಬಾಗಿಲ ಸಂದು, ಗೋಡೆಯ ಬಿರುಕುಗಳಿಂದ ಪಕ್ಕದ ಕೋಣೆಗೂ ನುಸುಳಬಲ್ಲದು. ಇದಕ್ಕೆ ಪ್ರತಿವಿಷವೆಂಬುದಿಲ್ಲ, ಆಸ್ಪತ್ರೆಯಲ್ಲಿ ಹೃದಯವನ್ನೂ ಉಸಿರನ್ನೂ ಕಾಯುವುದೇ ಚಿಕಿತ್ಸೆ. ಸರಕಾರಿ ಸಂಸ್ಥೆಗಳು ಹಾಗೂ ಕೀಟನಿಯಂತ್ರಕರು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಇದನ್ನು ಬಳಸತಕ್ಕದ್ದೆಂದು ನಮ್ಮ ದೇಶದಲ್ಲಿ ನಿರ್ಬಂಧವಿದೆ. ಉಗ್ರಾಣಕ್ಕೆ ತಕ್ಕ ವಸ್ತುವನ್ನು ನಾವು ಮಲಗುವ ಮನೆಗೆ ತಂದಿದ್ದೇವೆ.

ನಮ್ಮ ಹಿರಿಯರು ಗುಳಿಗೆಯಿಲ್ಲದೆ ವರ್ಷಗಟ್ಟಲೆ ಜೋಳ ಕಾಯ್ದದ್ದು ಹೇಗೆ? ಊರ ಒಣನೆಲದಲ್ಲಿ ಹಗೇವು ತೋಡಿ, ತಳಕ್ಕೂ ಸುತ್ತಲಿಗೂ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಕಾಳೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕುಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಹುಳುಗಳು ತಾವಾಗಿಯೇ ಸಾಯುತ್ತಿದ್ದವು. ಅಂದರೆ ಹಗೇವಿನ ಗಾಳಿಯೇ ಕೀಟನಾಶಕ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದೆಂಬುದನ್ನು ಬಲ್ಲ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿದ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಕಾಳಿನ ಹುಳುವನ್ನು ಕೊಲ್ಲುವ ಯಾವ ಗಾಳಿಯನ್ನೂ ಹಗುರವಾಗಿ ಕಾಣಬಾರದೆಂಬುದೇ ಅವರು ಕಲಿಸಿದ ಪಾಠ.

ಇನ್ನು ಸಸ್ಯಗಳ ವಿಚಾರ. ಆಯುರ್ವೇದಕ್ಕೆ ಧೂಪನ ಹೊಸದಲ್ಲ. ಕಾಶ್ಯಪ ಸಂಹಿತೆಯಲ್ಲಿ ಧೂಪಕಲ್ಪವೆಂಬ ಅಧ್ಯಾಯವೇ ಇದೆ. ಗಾಯಾಳು ಮಲಗಿದ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪ ಹಾಕಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಇದನ್ನು ಕೇಳಿದ ಭಕ್ತರು, “ಹಾಗಾದರೆ ಹುಳು ಬಿದ್ದ ಜೋಳಕ್ಕೆ ಬೇವಿನ ಹೊಗೆ ಹಾಕಿದರೆ ಸಾಕಲ್ಲವೇ?” ಎಂದು ನಮ್ಮನ್ನು ಕೇಳುವುದುಂಟು. ಸಾಲದು ಎಂದೇ ನಾವು ಹೇಳಬೇಕಾಗಿದೆ.

ಕಾರಣ ಹುಳುವಿನ ಬಾಳಿನಲ್ಲಿದೆ. ಜೋಳ, ಅಕ್ಕಿ, ಗೋದಿಗೆ ಬೀಳುವ ಸೊಂಡಿಲು ಹುಳುವಿನ ಹೆಣ್ಣು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಮರಿ ಒಳಗೇ ಕಾಳನ್ನು ತಿಂದು ಬೆಳೆದು, ಬೆಚ್ಚನೆಯ ದಿನಗಳಲ್ಲಿ ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ. ಚೀಲದ ಮೇಲೆ ಹಾಯ್ದ ಹೊಗೆ ಕಾಳಿನೊಳಗಿನ ಈ ಮರಿಯನ್ನು ಮುಟ್ಟದು. ತೊಗರಿ, ಕಡಲೆ, ಅಲಸಂದೆಗೆ ಬೀಳುವ ದುಂಬಿಯಾದರೋ ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆಯೇ ಅಂಟಿಸುತ್ತದೆ. ಆದುದರಿಂದ ಜೋಳಕ್ಕೊಂದು ಉಪಾಯ, ಬೇಳೆಕಾಳಿಗೊಂದು ಉಪಾಯ. ಬೇವು, ಬಜೆ, ಲಕ್ಕಿಗಳು ಹುಳು ಬಾರದಂತೆ ಕಾಯುವ ಕಾವಲುಗಾರರು. ಬಂದು ನೆಲೆಸಿದ ಹುಳುವನ್ನು ಓಡಿಸುವ ಸೈನ್ಯವಲ್ಲ.

ನಾವು ಸೂಚಿಸುವ ಕ್ರಮ ಹೀಗಿದೆ.

ಮೊದಲನೆಯದು ಒಣಗಿಸುವುದು. ಕಾಳಿನ ತೇವ ಜೋಳ, ಗೋದಿಗಳಲ್ಲಿ ಶೇಕಡಾ 12ಕ್ಕಿಂತ, ಬೇಳೆಕಾಳುಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು. ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಸದ್ದಾಗಬೇಕು. ತೆಳುವಾಗಿ ಹರಡಿ ಕಡುಬಿಸಿಲಿನಲ್ಲಿ ಒಣಗಿಸಿ, ಸಂಜೆ ಪೂರ್ಣ ಆರಿದ ಮೇಲೆಯೇ ತುಂಬಿರಿ. ಬಿಸಿಯಾಗಿ ತುಂಬಿದರೆ ಒಳಗೆ ಬೆವರುತ್ತದೆ.

ಎರಡನೆಯದು ಬರಿದಾದ ಕೋಣೆಗೆ ಧೂಪ. ಹೊಸ ಕಾಳು ತರುವ ಮೊದಲು ಕಣಜ, ಮೂಲೆ, ಬಿರುಕುಗಳನ್ನು ಗುಡಿಸಿ, ಹಳೆಯ ಚೀಲಗಳನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿರಿ. ಬಳಿಕ ಒಣ ಬೇವಿನೆಲೆ, ಲಕ್ಕಿ ಸೊಪ್ಪು, ಸಾಸಿವೆಗಳನ್ನು ಕೆಂಡದ ಮೇಲೆ ಹಾಕಿ ಬಾಗಿಲು ಮುಚ್ಚಿ ಹೊರಬನ್ನಿ. ಕೆಂಡದ ಹೊಗೆಯೂ ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯಕಾರಿ, ಯಾರೂ ಒಳಗಿರಬಾರದು. ಉಬ್ಬಸವುಳ್ಳವರು, ಬಾಣಂತಿಯರು, ಹಸುಗೂಸುಗಳು ಅಂದು ಆ ಮನೆಯಿಂದ ದೂರವಿರಲಿ.

ಮೂರನೆಯದು ತುಂಬುವಾಗಿನ ಕಾವಲು. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನೆಲೆ ಅಥವಾ ಲಕ್ಕಿ ಸೊಪ್ಪನ್ನು ಜೋಳದ ನಡುನಡುವೆ ಪದರವಾಗಿ ಹಾಕಿರಿ. ಹಸಿ ಎಲೆ ಹಾಕಿದರೆ ಅದರ ತೇವದಿಂದ ಬೂಷ್ಟು ಬರುತ್ತದೆ. ತೊಗರಿ, ಅಲಸಂದೆಗಳಿಗೆ ಕಿಲೋವೊಂದಕ್ಕೆ 5ರಿಂದ 10 ಮಿಲಿಲೀಟರ್ ಔಡಲೆಣ್ಣೆ ಸವರಿದರೆ ಸಿಪ್ಪೆಯ ಮೇಲಿನ ಮೊಟ್ಟೆಗಳು ಉಸಿರುಗಟ್ಟುತ್ತವೆ. ನಮ್ಮ ಭಾಗದ ತಾಯಂದಿರು ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದೂ ಇದೇ ತತ್ತ್ವದ್ದು.

ನಾಲ್ಕನೆಯದು ಬಜೆ. ಬಿತ್ತನೆಯ ಬೀಜಕ್ಕೆ ಕ್ವಿಂಟಲಿಗೆ 1 ಕಿಲೋ ಬಜೆಬೇರಿನ ಪುಡಿ ಬೆರೆಸಬಹುದು. ಇದರಲ್ಲಿರುವ ಅಸರೋನ್ ಎಂಬ ಅಂಶ ಹುಳುವಿನ ಸಂತಾನಶಕ್ತಿಯನ್ನೇ ಕೆಡಿಸುತ್ತದೆ. ಆದರೆ ಹೆಚ್ಚು ಪ್ರಮಾಣದಲ್ಲಿ ಅದು ಪ್ರಯೋಗಪ್ರಾಣಿಗಳಿಗೆ ಹಾನಿ ಮಾಡಿರುವುದು ಕಂಡುಬಂದಿದೆ. ಉಣ್ಣುವ ಕಾಳಿಗೆ ಬಜೆಪುಡಿ ಬೇಡ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ ಎಂಬುದನ್ನು ಆಯುರ್ವೇದ ವೈದ್ಯರಾದ ನಾವೇ ಮೊದಲು ಹೇಳಬೇಕು.

ಐದನೆಯದು ಗಾಳಿಯಾಡದ ಮುಚ್ಚಳ. ಚೆನ್ನಾಗಿ ಒಣಗಿದ ಕಾಳನ್ನು ಬಿಗಿಯಾದ ಡ್ರಮ್ಮಿನಲ್ಲಿ ಅಥವಾ ಗಾಳಿಯಾಡದ ದಪ್ಪ ಚೀಲದಲ್ಲಿ ಕಂಠಮಟ್ಟ ತುಂಬಿ ಮುಚ್ಚಿರಿ. ಅದು ಇಂದಿನ ಹಗೇವು. ಹುಳು ಬಿದ್ದ ಕಾಳಿದ್ದರೆ ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಆಮೇಲೆ ಹೀಗೆ ಮುಚ್ಚುವುದೇ ದಾರಿ.

ವಿಜ್ಞಾನಿಗಳೂ ಈ ದಿಕ್ಕಿನಲ್ಲಿ ನಡೆದಿದ್ದಾರೆ. ಜಗತ್ತಿನ ಉಗ್ರಾಣಗಳಲ್ಲಿ ಹಿಂದೆ ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿಕರವೆಂದು ಬಹುಮಟ್ಟಿಗೆ ಕೈಬಿಡಲ್ಪಟ್ಟಿದೆ. ಫಾಸ್ಫೀನಿಗೆ ಜಗ್ಗದ ಹುಳುಗಳೂ ಹುಟ್ಟಿಕೊಂಡಿವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ನಾವು ಉಪ್ಪಿನಕಾಯಿ ಹಾಕುವ ಮಾಕಳಿ ಬೇರಿನ ಸಾರ ಧಾನ್ಯದ ಕೀಟಗಳನ್ನು ಕೊಲ್ಲುತ್ತದೆಂದು ಕಂಡುಕೊಂಡಿದ್ದಾರೆ. ಬೇಲಿಯಲ್ಲೆಲ್ಲ ಹಬ್ಬಿದ ಲಂಟಾನದ ಎಲೆಯಿಂದಲೂ ಹುಳು ಕೊಲ್ಲುವ ಆವಿಯುಳ್ಳ ಒಂದು ಅಂಶವನ್ನು ಬೇರ್ಪಡಿಸಿದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಶುದ್ಧಗೊಳಿಸಿದ ಅಂಶ ಬೇರೆ, ಬೇಲಿಯಿಂದ ಕಿತ್ತ ಸೊಪ್ಪು ಬೇರೆ. ಲಂಟಾನ ತಿಂದ ದನಗಳು ಕಾಯಿಲೆ ಬೀಳುವುದನ್ನು ರೈತರು ಬಲ್ಲರು. ಅದನ್ನು ಕಾಳಿನಲ್ಲಿ ಇಡಬೇಡಿರಿ.

ಗುಳಿಗೆ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮುಟ್ಟಬೇಡಿ, ನೀರು ಹಾಕಬೇಡಿ. ನೀರಿನಿಂದ ಅನಿಲ ಇನ್ನೂ ಬೇಗ ಹೊರಡುತ್ತದೆ. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ, ವಾಂತಿ, ಎದೆಬಿಗಿತ, ಏದುಸಿರು ಕಂಡರೆ ಎಲ್ಲರೂ ಬಯಲಿಗೆ ಬಂದು 108ಕ್ಕೆ ಕರೆಮಾಡಿರಿ. ಕಷಾಯ, ಮಜ್ಜಿಗೆಗಳಲ್ಲಿ ಹೊತ್ತು ಕಳೆಯಬೇಡಿ. ಗುಳಿಗೆಯ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಬೈಗುಳಕ್ಕೆ ಅಂಜಿ ಮುಚ್ಚಿಡುವುದರಿಂದ ಜೀವಕ್ಕೇ ಎರವಾದೀತು.

ಕೊನೆಯದಾಗಿ ಒಂದು ಬಿನ್ನಹ. ಸುಗ್ಗಿ ಮುಗಿದ ಮೇಲೆ ಸದ್ಭಕ್ತರು ಜೋಳ, ಅಕ್ಕಿ, ಬೇಳೆಗಳನ್ನು ಶ್ರೀಮಠದ ದಾಸೋಹಕ್ಕೆ ತರುತ್ತೀರಿ. ಯಾರೆಂದು ಕೇಳದೆ ಬಂದವರೆಲ್ಲರಿಗೂ ಅದು ಅನ್ನವಾಗುತ್ತದೆ. ಆ ಚೀಲದಲ್ಲಿ ಹುಳು ತಿಂದ ನಾಲ್ಕು ಕಾಳಿದ್ದರೆ ಚಿಂತೆಯಿಲ್ಲ. ಕೇರಿ, ಆರಿಸಿ ಅಡುಗೆ ಮಾಡೋಣ. ಗುಳಿಗೆಯಿಟ್ಟ ಚೀಲ ಮಾತ್ರ ಬಾರದಿರಲಿ. ಅಂದು ನಮ್ಮ ಬಾಗಿಲಿಗೆ ಬಂದ ಆ ಅಜ್ಜಿ ಈ ವರ್ಷ ದಾಸೋಹಕ್ಕೆ ಒಂದು ಚೀಲ ಜೋಳ ತಂದಿದ್ದರು. ಬಾಯಿ ಬಿಚ್ಚಿದಾಗ ಮೇಲೆ ಒಣಬೇವಿನ ಎಲೆಗಳಿದ್ದವು.