127 ಕೆಜಿವರೆಗೆ ಸರಿ, 128ಕ್ಕೆ ತಪ್ಪು: ಕಾಫಿ ಕಣದಲ್ಲಿ ಕಲಿತ ಜಾವಾ

ಪ್ರೋಗ್ರಾಮಿಂಗ್ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೇ ನಗು ಬಂತು. ಯಾಕಂದ್ರೆ ನಾನು ಇಂಜಿನಿಯರ್ ಅಲ್ಲ. ಆಲೂರಿನಿಂದ ಸಕಲೇಶಪುರದ ಕಡೆ ಏರೋ ಗುಡ್ಡದಲ್ಲಿರೋ ಒಂದು ಕಾಫಿ ತೋಟದ ರೈಟರ್. ರೈಟರ್ ಅಂದ್ರೆ ಕಥೆ ಬರೆಯೋನಲ್ಲ. ಚೆಕ್‌ರೋಲ್ ಬರೆಯೋದು, ಹಣ್ಣಿನ ತೂಕ ಬರೆಯೋದು, ಬಟವಾಡೆ ಲೆಕ್ಕ ಮಾಡೋದು, ಇಷ್ಟೇ ನನ್ನ ಬರವಣಿಗೆ. ಈ ಲೆಕ್ಕ ಸುಲಭ ಆಗ್ಲಿ ಅಂತ ಒಂದು ಮಳೆಗಾಲ ಪೂರ್ತಿ ಕೂತು ಜಾವಾ ಕಲಿತೆ. ಕರೆಂಟ್ ಇದ್ದಾಗ ಕಲಿತೆ ಅನ್ನಬೇಕು. ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಜಾವಾನೇ ಯಾಕೆ ಅಂತ ಕೇಳ್ತಾರೆ. ನಿಜ ಹೇಳ್ತೀನಿ, ಹೆಸರು ನೋಡಿ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಈ ಭಾಷೆಯನ್ನ ಹೊರಗೆ ತಂದಾಗ ಇಟ್ಟಿದ್ದು ಕಾಫಿಯ ಹೆಸರು. ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಜೊತೆಗಾರರು ಮೊದಲು ಅದನ್ನ ಓಕ್ ಅಂತ ಕರೀತಿದ್ರು. ಜಾವಾದಲ್ಲಿ ತಯಾರಾದ ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟ್‌ಗಳನ್ನ ಹದಿನಾರರ ಲೆಕ್ಕದಲ್ಲಿ ಬರೆದ್ರೆ 'ಕೆಫೆಬೇಬ್' ಅಂತ ಓದಬಹುದು. ಬಾಬಾಬುಡನ್‌ಗಿರಿಯ ನೆರಳಲ್ಲಿ ಕಾಫಿ ಬೆಳೆಯೋರಿಗೆ ಇದಕ್ಕಿಂತ ಕಾರಣ ಬೇಕಾ?

ಮೊದಲು ಮಾಡಿದ್ದು ಮಳೆ ಲೆಕ್ಕ. ನಮ್ಮ ಕಡೆ ಮಳೆ ಅಳೆಯೋದು ಇಂಚು, ಸೆಂಟ್‌ನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ತೋಟದ ಹಳೇ ನೋಟ್‌ಬುಕ್‌ಗಳಲ್ಲಿ ಇದನ್ನ ಚುಕ್ಕಿ ಇಟ್ಟು ಬರೆದಿದ್ರು. ಒಂದು ಇಂಚು ಐದು ಸೆಂಟ್ ಅಂದ್ರೆ 1.5. ನಾನು ಹಾಗೇ ಟೈಪ್ ಮಾಡಿದೆ. ಕಂಪ್ಯೂಟರ್ ಅದನ್ನ ಒಂದೂವರೆ ಇಂಚು ಅಂದುಕೊಂಡ್ತು. ನಿಜವಾಗಿ ಬಿದ್ದಿದ್ದು 26.67 ಮಿಲಿಮೀಟರ್, ಲೆಕ್ಕದಲ್ಲಿ ಬಂದಿದ್ದು 38.1. ಹೂ ಮಳೆ ಸಾಕಾಯ್ತಾ, ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಯೋಚಿಸೋ ಹೊತ್ತಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ.

ಆಬ್ಜೆಕ್ಟ್ ಅನ್ನೋದು ಯಾಕೆ ಬೇಕು ಅಂತ ನನಗೆ ಅರ್ಥ ಆಗಿದ್ದು ಇಲ್ಲೇ. ಪುಸ್ತಕಗಳಲ್ಲಿ ನಾಯಿ, ಬೆಕ್ಕು, ಕಾರು ಅಂತ ಉದಾಹರಣೆ ಕೊಟ್ಟಿರ್ತಾರೆ. ನಾಯಿ ಬೊಗಳುತ್ತೆ, ಬೆಕ್ಕು ಮಿಯಾಂವ್ ಅನ್ನುತ್ತೆ. ಅದ್ರಿಂದ ನನಗೇನೂ ಹತ್ತಲಿಲ್ಲ. ನೀವು ಹೀಗೆ ಯೋಚನೆ ಮಾಡಿ. ಕ್ಲಾಸ್ ಅಂದ್ರೆ ಪ್ರಿಂಟ್ ಹಾಕಿಸಿದ ಖಾಲಿ ಚೀಟಿಯ ನಮೂನೆ. ಆಬ್ಜೆಕ್ಟ್ ಅಂದ್ರೆ ತುಂಬಿದ ಒಂದೊಂದು ಚೀಟಿ. ಆದ್ರೆ ಈ ಚೀಟಿ ಬರೀ ಕಾಗದ ಅಲ್ಲ, ತಪ್ಪು ಬರೆಯೋಕೆ ಹೋದ್ರೆ ಕೈ ಹಿಡಿಯುತ್ತೆ. 'ಮಳೆ' ಅಂತ ಒಂದು ಕ್ಲಾಸ್ ಬರೆದೆ. ಕನ್ನಡದಲ್ಲೇ ಹೆಸರು ಇಡಬಹುದು, ಜಾವಾ ಒಪ್ಪುತ್ತೆ. ಒಳಗೆ ಇಂಚು, ಸೆಂಟ್ ಅಂತ ಎರಡು ಪೂರ್ಣಸಂಖ್ಯೆ, ಎರಡೂ ಪ್ರೈವೇಟ್, ಅಂದ್ರೆ ಹೊರಗಿನವರು ನೇರವಾಗಿ ಮುಟ್ಟೋ ಹಾಗಿಲ್ಲ. ಚೀಟಿ ಹುಟ್ಟುವಾಗಲೇ ಸೆಂಟ್ 0ಯಿಂದ 99ರ ಒಳಗೆ ಇದೆಯಾ ಅಂತ ಪರೀಕ್ಷೆ, ಇಲ್ಲದಿದ್ರೆ ಅಲ್ಲೇ ತಿರಸ್ಕಾರ. ಎರಡು ದಿನದ ಮಳೆ ಕೂಡಿಸೋದೂ ಅದರದ್ದೇ ಕೆಲಸ: 60 ಸೆಂಟಿಗೆ 70 ಸೆಂಟ್ ಕೂಡಿಸಿದ್ರೆ 1 ಇಂಚು 30 ಸೆಂಟ್. ಮಿಲಿಮೀಟರ್ ಕೇಳಿದ್ರೆ 25.4ರಿಂದ ಗುಣಿಸಿ ಕೊಡುತ್ತೆ. ಆ ಚುಕ್ಕಿಯ ತಾಪತ್ರಯ ಆ ಒಂದು ಜಾಗದಲ್ಲಿ ಮುಗೀತು.

ಇನ್ನು ಕೂಲಿ ಲೆಕ್ಕಕ್ಕೆ ಬರ್ತೀನಿ. ನಾನು ಇವತ್ತು ಹೇಳಬೇಕು ಅಂತ ಬಂದಿದ್ದೇ ಇದನ್ನ.

ಕೊಯ್ಲಿನಲ್ಲಿ ಸಂಜೆ ಹಣ್ಣು ತೂಗ್ತೀವಿ. ಒಂದೇ ತಕ್ಕಡಿ, ಬರೆಯೋದು ಇಬ್ಬರು. ಮೇಸ್ತ್ರಿ ತನ್ನ ಬುಕ್ಕಲ್ಲಿ, ನಾನು ನನ್ನ ಬುಕ್ಕಲ್ಲಿ. ಎರಡೂ ತಾಳೆ ಆದ್ರೆ ದುಡ್ಡು, ಆಗದಿದ್ರೆ ವಿಚಾರಣೆ ಆಗೋವರೆಗೆ ತಡೆ. ಈ ತಾಳೆ ನೋಡೋ ಕೆಲಸವನ್ನ ಪ್ರೋಗ್ರಾಮಿಗೆ ಕೊಟ್ಟೆ. ಎರಡು ಹ್ಯಾಶ್‌ಮ್ಯಾಪ್, ಒಂದರಲ್ಲಿ ಮೇಸ್ತ್ರಿಯ ಲೆಕ್ಕ, ಇನ್ನೊಂದರಲ್ಲಿ ನನ್ನದು. ಮೊದಲು ಹೆಸರಿನ ಮೇಲೆ ಇಟ್ಟಿದ್ದೆ. ಲೈನಿನಲ್ಲಿ ಒಂದೇ ಹೆಸರಿನ ಇಬ್ಬರಿದ್ರೆ ಎರಡನೆಯವರ ತೂಕ ಮೊದಲನೆಯವರದ್ದನ್ನ ಅಳಿಸಿ ಕೂರುತ್ತೆ ಅಂತ ಗೊತ್ತಾದ ಮೇಲೆ ಚೆಕ್‌ರೋಲ್ ನಂಬರಿಗೆ ಬದಲಾಯಿಸಿದೆ. ತೂಕ ಸಮ ಇದೆಯಾ ಅಂತ ನೋಡೋಕೆ ಎರಡು ಸಮ ಚಿಹ್ನೆ, ==. ಅರೇಬಿಕಾ ಮುಗಿಯೋವರೆಗೆ ಒಂದು ತಪ್ಪಿಲ್ಲ.

ರೋಬಸ್ಟಾ ಶುರುವಾಯ್ತು. ಗಂಡ ಹೆಂಡತಿ ಒಟ್ಟಿಗೆ ಕೊಯ್ದು ಒಂದೇ ನಂಬರಿಗೆ ತೂಗಿಸೋರು ಕೆಲವರಿದ್ರು. ಸಂತೆಯ ಹಿಂದಿನ ದಿನ ಬಟವಾಡೆ. ಪ್ರೋಗ್ರಾಂ ಮೂರು ನಂಬರ್ ತೋರಿಸಿ ತಾಳೆ ಇಲ್ಲ ಅಂತು. ನಾನು ಬುಕ್ ತೆಗೆದು ನೋಡೋ ತೊಂದ್ರೆ ತಗೊಳ್ಳಲಿಲ್ಲ. ಕಂಪ್ಯೂಟರ್ ಹೇಳಿದ ಮೇಲೆ ಮುಗೀತಲ್ಲ! ಮೇಸ್ತ್ರಿಯನ್ನ ಕರೆದು "ತೂಕ ತಿದ್ದಿದೀಯಾ?" ಅಂತ ಕೇಳೇಬಿಟ್ಟೆ, ಅದೂ ಎಲ್ಲರ ಎದುರಿಗೆ. ಅವನು ಮಾತಾಡಲಿಲ್ಲ. ಆ ಮೂರರಲ್ಲಿ ಒಂದು ನಂಬರಿನ ಅಕ್ಕ ಮಾತ್ರ ಬಿಡಲಿಲ್ಲ. "ಏನ್ ರೈಟ್ರೇ, ನಾವ್ ಜಾಸ್ತಿ ಕೊಯ್ದಿದ್ದೇ ತಪ್ಪಾಯ್ತಾ?" ಅಂದ್ಲು.

ರಾತ್ರಿ ಎರಡೂ ಬುಕ್ ಪಕ್ಕಪಕ್ಕ ಇಟ್ಟೆ. 143, 143. 131, 131. 128, 128. ಎಲ್ಲಾ ಸರಿಯಾಗೇ ಇದೆ. ಅದೇ ಪಟ್ಟಿಯಲ್ಲಿ 127 ತೂಗಿಸಿದ ಇನ್ನೊಂದು ಜೋಡಿಗೆ ತಕರಾರೇ ಬಂದಿಲ್ಲ. ಆ ಅಕ್ಕ ಹೇಳಿದ್ದು ಅಕ್ಷರಶಃ ಸತ್ಯ, ಜಾಸ್ತಿ ಕೊಯ್ದಿದ್ದಕ್ಕೇ ಸಿಕ್ಕಿಹಾಕಿಕೊಂಡಿದ್ರು.

ಆಗಿದ್ದು ಇಷ್ಟು. ಜಾವಾದಲ್ಲಿ ಸಂಖ್ಯೆ ಎರಡು ಥರ. 'ಇಂಟ್' ಅಂದ್ರೆ ಬರೀ ಸಂಖ್ಯೆ. 'ಇಂಟಿಜರ್' ಅಂದ್ರೆ ಆ ಸಂಖ್ಯೆ ಬರೆದ ಚೀಟಿ, ಅಂದ್ರೆ ಆಬ್ಜೆಕ್ಟ್. ಹ್ಯಾಶ್‌ಮ್ಯಾಪ್ ಒಳಗೆ ಇಡೋಕೆ ಆಗೋದು ಆಬ್ಜೆಕ್ಟ್ ಮಾತ್ರ, ಹಾಗಾಗಿ ನಮಗೆ ಗೊತ್ತಿಲ್ಲದೇ ನಮ್ಮ ತೂಕ ಚೀಟಿ ಆಗಿರುತ್ತೆ. ಎರಡು ಚೀಟಿಗಳ ನಡುವೆ == ಹಾಕಿದ್ರೆ ಜಾವಾ ಕೇಳೋದು "ಎರಡರಲ್ಲೂ ಬರೆದಿರೋದು ಒಂದೇನಾ" ಅಂತ ಅಲ್ಲ, "ಇವೆರಡೂ ಅದೇ ಕಾಗದಾನಾ" ಅಂತ. ಮೇಸ್ತ್ರಿ ಚೀಟಿ ಬೇರೆ, ನನ್ನ ಚೀಟಿ ಬೇರೆ. ಉತ್ತರ 'ಅಲ್ಲ' ಅಂತಲೇ ಬರಬೇಕು.

ಹಾಗಾದ್ರೆ 127ರವರೆಗೆ ಹೇಗೆ ಸರಿ ಬಂತು? ಸಣ್ಣ ಸಂಖ್ಯೆಗಳು ಪದೇ ಪದೇ ಬೇಕಾಗುತ್ತೆ ಅಂತ -128ರಿಂದ 127ರವರೆಗಿನ ಚೀಟಿಗಳನ್ನ ಜಾವಾ ಮೊದಲೇ ಬರೆದು ಇಟ್ಟುಕೊಂಡಿರುತ್ತೆ. ಯಾರು ಕೇಳಿದ್ರೂ ಅದೇ ಕಾಗದ ಕೊಡುತ್ತೆ. 128 ಕೇಳಿದ್ರೆ ಸಾಮಾನ್ಯವಾಗಿ ಹೊಸ ಕಾಗದ. ಅಂದ್ರೆ ನನ್ನ ಪ್ರೋಗ್ರಾಂ ಮೊದಲ ದಿನದಿಂದಲೇ ತಪ್ಪಾಗಿತ್ತು. ಅರೇಬಿಕಾ ಕೊಯ್ಲಲ್ಲಿ ಯಾರೂ 127 ದಾಟಿರಲಿಲ್ಲ ಅಷ್ಟೇ. ಸರಿ ಮಾಡಿದ್ದು ಒಂದೇ ಪದದಲ್ಲಿ: == ತೆಗೆದು 'ಈಕ್ವಲ್ಸ್' ಅನ್ನೋ ಮೆಥಡ್ ಹಾಕಿದೆ. ಅದು ಕಾಗದ ನೋಡಲ್ಲ, ಬರಹ ನೋಡುತ್ತೆ. ಹೆಸರು, ಊರು ಇಂಥ ಅಕ್ಷರಗಳನ್ನ ಹೋಲಿಸುವಾಗಲೂ ಇದೇ. ಹಣದ ಲೆಕ್ಕಕ್ಕೆ ದಶಮಾಂಶದ 'ಡಬಲ್' ಬಳಸಬೇಡಿ, ಅದರಲ್ಲಿ 0.1ಕ್ಕೆ 0.2 ಕೂಡಿಸಿದ್ರೆ ಸರಿಯಾಗಿ 0.3 ಬರಲ್ಲ. ಪೈಸೆ ಲೆಕ್ಕದಲ್ಲಿ ಪೂರ್ಣಸಂಖ್ಯೆ ಇಡಿ.

ಕನ್ನಡದಲ್ಲಿ ಹೆಸರು ಬರೆಯೋರಿಗೆ ಇನ್ನೊಂದು ಮಾತು. 'ಸಕಲೇಶಪುರ'ದ ಉದ್ದ ಎಷ್ಟು ಅಂತ ಜಾವಾವನ್ನ ಕೇಳಿದ್ರೆ 8 ಅನ್ನುತ್ತೆ, ನಮ್ಮ ಕಣ್ಣಿಗೆ ಆರೇ ಅಕ್ಷರ. ಏತ್ವ, ಕೊಂಬು ಎಲ್ಲಾ ಯೂನಿಕೋಡ್‌ನಲ್ಲಿ ಬೇರೆ ಬೇರೆ ಎಣಿಕೆ ಆಗುತ್ತೆ. ಪಟ್ಟಿಯ ಕಾಲಂ ಸಾಲಾಗಿ ನಿಲ್ಲದೇ ಇರೋದಕ್ಕೆ ಇದೂ ಒಂದು ಕಾರಣ. ಫೈಲ್ ಓದಿದಾಗ ಕನ್ನಡದ ಬದಲು ಪ್ರಶ್ನೆ ಚಿಹ್ನೆ ಬಂದ್ರೆ ನಿಮ್ಮ ಜಾವಾ ಹಳೇದಿರಬಹುದು. 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಇರುತ್ತೆ, ಹಳೇದರಲ್ಲಿ ನಾವೇ ಹೇಳಬೇಕು.

ಮಾರನೇ ದಿನ ಬೆಳಕು ಹರಿಯೋ ಮುಂಚೆ ಲೈನಿಗೆ ಹೋಗಿ ಮೂರೂ ಮನೆಗೆ ದುಡ್ಡು ಕೊಟ್ಟೆ, ಸಂತೆಗೆ ಹೊರಡೋ ಹೊತ್ತಿಗೆ ಸಿಗಬೇಕಲ್ಲ. ಆಮೇಲೆ ಮೇಸ್ತ್ರಿ ಮನೆ. ತಪ್ಪು ನಂದು ಅಂದೆ. ಹಿಂದಿನ ದಿನ ಎಲ್ಲರ ಎದುರಿಗೆ ಕೇಳಿದ್ದರಿಂದ ಸಂಜೆ ತೂಕದ ಹೊತ್ತಲ್ಲಿ ಅದನ್ನೇ ಎಲ್ಲರ ಎದುರಿಗೂ ಹೇಳಿದೆ. ಅವನು ತಕ್ಕಡಿ ನೋಡ್ತಾ "ಬರ್ಕೊಳ್ಳಿ ರೈಟ್ರೇ, 136" ಅಂದ. ಈಗ ಹೊಸದೇನು ಬರೆದ್ರೂ ಮೊದಲು 127, ಆಮೇಲೆ 128 ಹಾಕಿ ನೋಡ್ತೀನಿ.